ಆ್ಯಪ್ ಆಮೇಲೆ, ಮೊದಲು ನೋಟ್‌ಬುಕ್ ತೋರಿಸಿ

ಭಾನುವಾರ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಗೊತ್ತಿಲ್ಲದ ನಂಬರಿನಿಂದ ಫೋನ್ ಬಂದರೆ ನನಗೆ ಅರ್ಧ ವಿಷಯ ಗೊತ್ತಾಗಿಬಿಡುತ್ತೆ. ಯಾರದೋ ಮದುವೆ ಊಟದಲ್ಲಿ ಯಾರೋ ನನ್ನ ನಂಬರ್ ಕೊಟ್ಟಿರುತ್ತಾರೆ. "ನೀವು ಆ್ಯಪ್ ಮಾಡ್ತೀರಂತೆ ಅಲ್ವಾ? ನಮಗೂ ಒಂದು ಬೇಕಿತ್ತು. ಎಷ್ಟಾಗುತ್ತೆ?"

ಏನು ಆ್ಯಪ್, ಯಾರಿಗೆ, ಯಾಕೆ ಅನ್ನೋದೆಲ್ಲ ಆಮೇಲೆ. ಮೊದಲು ಎಷ್ಟಾಗುತ್ತೆ. ಕೇಳೋರ ತಪ್ಪು ಅಂತ ನಾನು ಹೇಳಲ್ಲ. ಬಟ್ಟೆ ತೋರಿಸದೆ, ಅಳತೆ ಕೊಡದೆ ಹೊಲಿಗೆ ಎಷ್ಟು ಅಂತ ಕೇಳಿದರೂ ರೇಟ್ ಹೇಳೋ ಟೈಲರ್‌ಗಳು ನಾವು. ನಾವು ಹೇಳ್ತೀವಿ, ಅದಕ್ಕೇ ಅವರು ಕೇಳ್ತಾರೆ.

ಮೂರು ವರ್ಷದ ಹಿಂದೆ ನಾನೂ ಹಾಗೇ ಒಂದು ರೇಟ್ ಹೇಳಿದ್ದೆ. ಆಗ ನಾನು, ನನ್ನ ಕಾಲೇಜು ಗೆಳೆಯ ಇಬ್ಬರೂ ಕಂಪನಿ ಕೆಲಸ ಬಿಟ್ಟು ಯಲಹಂಕದಲ್ಲಿ ಒಂದು ರೂಮ್ ಮಾಡಿಕೊಂಡು ಸ್ವಂತಕ್ಕೆ ಶುರು ಮಾಡಿದ್ದ ಹೊಸತು. ದೊಡ್ಡಬಳ್ಳಾಪುರದಲ್ಲಿ ಮಗ್ಗ ಇಟ್ಟಿರೋ ಒಬ್ಬ ಯಜಮಾನರು ಪರಿಚಯವಾದರು. ಮೂರು ಶೆಡ್, 36 ಪವರ್‌ಲೂಮ್. ಸೀರೆ ನೇಯಿಸಿ ಚಿಕ್ಕಪೇಟೆ ಅಂಗಡಿಗಳಿಗೆ ಕಳಿಸೋ ವ್ಯವಹಾರ. ಯಾವ ಮಗ್ಗದಲ್ಲಿ ಎಷ್ಟು ಸೀರೆ ಆಯ್ತು, ಯಾರಿಗೆ ಎಷ್ಟು ಕೂಲಿ, ಯಾರು ಎಷ್ಟು ಅಡ್ವಾನ್ಸ್ ತಗೊಂಡಿದ್ದಾರೆ, ಎಲ್ಲ ಫೋನಲ್ಲೇ ಕಾಣಬೇಕು ಅಂದರು. "ಸ್ವಿಗ್ಗಿ ಥರ ಇರಬೇಕಪ್ಪಾ, ಇಲ್ಲಿ ಒತ್ತಿದ್ರೆ ಅಲ್ಲಿ ಕಾಣ್ಬೇಕು" ಅಂತ ಸ್ಕ್ರೀನ್‌ಶಾಟ್ ಕೂಡ ಕಳಿಸಿದರು.

ನಾವು ಕೇಳಿದ ಪ್ರಶ್ನೆಗಳು ನನಗಿನ್ನೂ ನೆನಪಿವೆ. ಯಾವ ಬಣ್ಣ ಬೇಕು? ಲೋಗೋ ಇದೆಯಾ? ಆಂಡ್ರಾಯ್ಡ್ ಸಾಕಾ, ಐಫೋನೂ ಬೇಕಾ? ಕನ್ನಡನಾ, ಇಂಗ್ಲಿಷಾ? ಲಾಗಿನ್ ಒಟಿಪಿಯಲ್ಲಿ ಆಗಲಾ? ಇಷ್ಟೂ ಪ್ರಶ್ನೆ ಕೇಳಿದ್ದು ಅವರ ಆಫೀಸ್ ರೂಮಿನಲ್ಲಿ, ಬಾಗಿಲು ಹಾಕಿಕೊಂಡು, ಕಾಫಿ ಕುಡಿಯುತ್ತಾ. ಬಾಗಿಲು ಹಾಕಿದ್ದು ಯಾಕೆ ಅಂದರೆ ಆಚೆ ಮಗ್ಗದ ಸದ್ದಿಗೆ ಮಾತು ಕೇಳಿಸುತ್ತಿರಲಿಲ್ಲ. ಆ ಬಾಗಿಲಿನ ಬಗ್ಗೆ ಆವತ್ತೇ ಒಂದು ನಿಮಿಷ ಯೋಚನೆ ಮಾಡಿದ್ದರೆ ಸಾಕಿತ್ತು. ಮಾಡಲಿಲ್ಲ. 1,20,000 ರೂಪಾಯಿ, ಮೂರು ಕಂತು, ಹತ್ತು ವಾರ ಅಂತ ಮಾತಾಯ್ತು.

ಹತ್ತು ವಾರಕ್ಕೆ ಸರಿಯಾಗಿ ಆ್ಯಪ್ ರೆಡಿ. ಅವರು ತೆಂಗಿನಕಾಯಿ ಒಡೆದು, ನಮ್ಮ ಲ್ಯಾಪ್‌ಟಾಪಿಗೆ ಕುಂಕುಮ ಹಚ್ಚಿ ಶುರು ಮಾಡಿದರು. ನೇಯೋರು ಒಂದೊಂದು ಸೀರೆ ಮಗ್ಗದಿಂದ ಇಳಿಸಿದಾಗಲೂ ತಮ್ಮ ಫೋನಲ್ಲಿ ಒಂದು ಬಟನ್ ಒತ್ತಬೇಕು. ಯಜಮಾನರಿಗೆ ನೋಟಿಫಿಕೇಷನ್ ಹೋಗುತ್ತೆ. ವಾರದ ಕೊನೆಗೆ ಕೂಲಿ ತಾನೇ ಲೆಕ್ಕವಾಗುತ್ತೆ. ಕಾಗದದ ಮೇಲೆ ಬಹಳ ಚೆನ್ನಾಗಿತ್ತು.

ನೀವು ಪವರ್‌ಲೂಮ್ ಶೆಡ್ಡಿನ ಒಳಗೆ ಹೋಗಿದ್ದೀರಾ? ಪಕ್ಕದಲ್ಲಿ ನಿಂತವರು ಕಿವಿ ಹತ್ತಿರ ಬಂದು ಕೂಗಬೇಕು. ಒಬ್ಬ ಆಳು ಎರಡು ಮಗ್ಗ ನೋಡಿಕೊಳ್ಳುತ್ತಾನೆ. ಇಲ್ಲಿ ಎಳೆ ಕಿತ್ತರೆ ಅದನ್ನು ಗಂಟು ಹಾಕೋಷ್ಟರಲ್ಲಿ ಅಲ್ಲಿ ಕಂಡಿಕೆ ಖಾಲಿ. ಅವನ ಫೋನ್ ಕಿಟಕಿ ಮೇಲೆ, ಊಟದ ಡಬ್ಬಿ ಪಕ್ಕ ಇರುತ್ತೆ. ರಿಂಗ್ ಆದರೂ ಕೇಳಿಸಲ್ಲ, ನೋಟಿಫಿಕೇಷನ್ ಸದ್ದು ದೂರದ ಮಾತು. ಕೆಲವರ ಮನೆಗೆ ಒಂದೇ ಸ್ಮಾರ್ಟ್‌ಫೋನ್, ಅದು ಮಗಳ ಹತ್ತಿರ ಇರುತ್ತೆ. ಮೊದಲ ವಾರ ಹನ್ನೊಂದು ಜನ ಬಟನ್ ಒತ್ತಿದರು, ಎರಡನೇ ವಾರ ನಾಲ್ಕು ಜನ. ಮೂರನೇ ವಾರದಿಂದ ಯಜಮಾನರ ಮಗ ಭಾನುವಾರ ಕೂತು ನೋಟ್‌ಬುಕ್ ನೋಡಿ ಎಲ್ಲವನ್ನೂ ಒಟ್ಟಿಗೆ ಹಾಕೋಕೆ ಶುರು ಮಾಡಿದ.

ಹೌದು, ಒಂದು ನೋಟ್‌ಬುಕ್ ಇತ್ತು. ಹತ್ತು ವಾರದಲ್ಲಿ ನಾವು ಒಂದು ಸಲವೂ ಅದನ್ನು ತೋರಿಸಿ ಅಂತ ಕೇಳಿರಲಿಲ್ಲ.

ಅದನ್ನು ಬರೆಯುತ್ತಿದ್ದವರು ಯಜಮಾನರ ಮನೆಯವರು. ನಾನು ಅವರನ್ನು ಅಕ್ಕ ಅಂತಲೇ ಕರೆಯೋದು. ಶನಿವಾರ ಬಟವಾಡೆ ಮಾಡೋರೂ ಅವರೇ. ನಮ್ಮ ಒಂದು ಮೀಟಿಂಗಿನಲ್ಲೂ ಅವರು ಕೂತಿರಲಿಲ್ಲ. ಕಾಫಿ ತಂದು ಕೊಟ್ಟು ಹೋಗುತ್ತಿದ್ದರು, ನಾವು ಥ್ಯಾಂಕ್ಸ್ ಅಕ್ಕಾ ಅಂತಿದ್ದೆವು, ಅಷ್ಟೇ.

ಎರಡು ತಿಂಗಳಾದ ಮೇಲೆ ಒಬ್ಬ ನೇಯೋರ ಅಡ್ವಾನ್ಸ್ ವಿಷಯಕ್ಕೆ ಜಗಳವಾಯ್ತು. ಆ್ಯಪ್ 14,000 ಬಾಕಿ ಅಂತು. ಆತ ಇಲ್ಲ, 12,500 ಅಂದ. ಯಜಮಾನರು ಫೋನ್ ತೋರಿಸಿ, "ಕಂಪ್ಯೂಟರ್ ಸುಳ್ಳು ಹೇಳುತ್ತಾ?" ಅಂದರಂತೆ. ಆತ ಬೇಜಾರಾಗಿ ಬೇರೆ ಕಡೆ ಕೆಲಸ ನೋಡಿಕೊಂಡ. ಹೊಸ ಮಗ್ಗದವರು ಇಲ್ಲಿನ ಬಾಕಿ ಕಟ್ಟಿ ಕರೆದುಕೊಂಡು ಹೋದರು. ಕಟ್ಟಿದ್ದು 14,000. ಅಂದರೆ ಆ ಸಾಲ ಅಷ್ಟೇ ಮೊತ್ತದಲ್ಲಿ ಆತನ ತಲೆ ಮೇಲೆ ಹೊಸ ಜಾಗಕ್ಕೂ ಹೋಯಿತು. ಇದರ ಬೆನ್ನಿಗೇ ಇನ್ನಿಬ್ಬರು ಬಿಟ್ಟರು. ಯಜಮಾನರು ನಮ್ಮ ಕೊನೆ ಕಂತು 40,000 ಕೊಡಲಿಲ್ಲ. ನಾವು ಒಂದಷ್ಟು ದಿನ ಅವರನ್ನೇ ಬೈದುಕೊಂಡು ಓಡಾಡಿದೆವು.

ಆರೇಳು ತಿಂಗಳಾದ ಮೇಲೆ ಆ ಕಡೆ ಹೋದಾಗ, ಕಂತು ಕೇಳೋಣ ಅಂತಲೇ ಅವರ ಮನೆಗೆ ಹೋದೆ. ಯಜಮಾನರು ಇರಲಿಲ್ಲ. ಅಕ್ಕ ಕೂರಿಸಿ, ಅವರಾಗಿಯೇ ನೋಟ್‌ಬುಕ್ ತಂದರು. "ನೋಡಪ್ಪಾ ನೀನೇ" ಅಂತ ಹಿಂದಿನಿಂದ ತೆರೆದರು.

ಮುಂದಿನ ಹಾಳೆಗಳಲ್ಲಿ ಸೀರೆ ಲೆಕ್ಕ, ಕೂಲಿ. ಹಿಂದಿನಿಂದ ತೆರೆದರೆ ಅಡ್ವಾನ್ಸ್. ಪೆನ್ನಲ್ಲಿ ಬರೆದಿದ್ದು ಕೊಟ್ಟ ದುಡ್ಡು, ಪೆನ್ಸಿಲಿನಲ್ಲಿ ಬರೆದಿದ್ದು ಕೂಲಿಯಲ್ಲಿ ಮುರಿದುಕೊಂಡಿದ್ದು. ಕೆಲವು ಮೊತ್ತಕ್ಕೆ ಸುತ್ತ ಗೆರೆ. ಅದು ಆಸ್ಪತ್ರೆಗೆ ಅಂತ ತಗೊಂಡ ದುಡ್ಡು, ಅದನ್ನು ವಾರವಾರ ಮುರಿಯೋದಿಲ್ಲ, ಹಬ್ಬ ಕಳೆದ ಮೇಲೆ ನೋಡೋದು. ಇನ್ನೊಂದು ಗುರುತು ಡ್ಯಾಮೇಜ್ ಸೀರೆಗೆ. ಅದರಲ್ಲೂ ನೂಲಿನ ತಪ್ಪಾದರೆ ಒಂದು ಥರ, ಆಳಿನ ತಪ್ಪಾದರೆ ಇನ್ನೊಂದು ಥರ. ಅವರ ಮಗ ಪೆನ್ನಿನ ಸಾಲುಗಳನ್ನು ಹಾಕಿದ್ದ. ಪೆನ್ಸಿಲ್ ಸಾಲು ಯಾವುದೋ ಕೂಡೋ ಲೆಕ್ಕ ಅಂದುಕೊಂಡು ಎಷ್ಟೋ ಕಡೆ ಬಿಟ್ಟಿದ್ದ. 1,500 ಹೋಗಿದ್ದು ಅಲ್ಲಿ. ಅವನನ್ನು ಅಂದು ಪ್ರಯೋಜನವಿಲ್ಲ. ನಾನು ಮಾಡಿದ ಸ್ಕ್ರೀನಿನಲ್ಲಿ ಅಡ್ವಾನ್ಸ್ ಅನ್ನೋದು ಒಂದೇ ಒಂದು ಡಬ್ಬಿ, ಅದರಲ್ಲಿ ಒಂದು ಸಂಖ್ಯೆ.

"ಆ 1,500 ನಾನು ಅವನ ಹೆಂಡತಿ ಕೈಗೆ ಕೊಟ್ಟು ಕಳಿಸಿದೆ" ಅಂದರು ಅಕ್ಕ. ಹಾಗಂದು ಇನ್ನೊಂದು ಪುಸ್ತಕ ತೋರಿಸಿದರು. ಅಂಗಡಿಯಲ್ಲಿ ಬಿಲ್ ಬರೆಯೋ ಥರದ್ದು, ನಡುವೆ ಕಾರ್ಬನ್ ಹಾಳೆ. ಈಗ ಶನಿವಾರ ಬಟವಾಡೆ ಆದಾಗ ಒಂದು ಹಾಳೆ ಹರಿದು ಆಳಿಗೆ ಕೊಡುತ್ತಾರಂತೆ. ನಾನು ಕಂತಿನ ವಿಷಯ ಎತ್ತದೆ ವಾಪಸ್ ಬಂದೆ.

ಅವತ್ತಿನಿಂದ ನನ್ನ ಮೊದಲ ಪ್ರಶ್ನೆ ಬದಲಾಗಿದೆ. ಏನೇನು ಫೀಚರ್ ಬೇಕು ಅಂತ ಕೇಳೋದಿಲ್ಲ. ಈ ಕೆಲಸ ಈಗ ಹೇಗೆ ನಡೀತಿದೆ, ಯಾವುದರಲ್ಲಿ ಬರೀತೀರಿ, ಅದನ್ನು ತೋರಿಸಿ. ಬರೆಯೋರು ಯಾರೋ ಅವರನ್ನೂ ಕರೀರಿ. ಬಾಯಲ್ಲಿ ಹೇಳೋ ಕೆಲಸಕ್ಕೂ ಪುಸ್ತಕದಲ್ಲಿರೋ ಕೆಲಸಕ್ಕೂ ಯಾವಾಗಲೂ ವ್ಯತ್ಯಾಸ ಇರುತ್ತೆ. ಯಜಮಾನರು ಬೇಕಂತ ಮುಚ್ಚಿಟ್ಟಿರಲಿಲ್ಲ. ಪೆನ್ಸಿಲ್ ವಿಷಯ ಅವರಿಗೂ ಗೊತ್ತಿರಲಿಲ್ಲ, ಅಷ್ಟೇ.

ಇದು ನನ್ನಂಥ ಸಣ್ಣವರು ಮಾತ್ರ ಮಾಡೋ ತಪ್ಪಲ್ಲ ಅಂತ ಆಮೇಲೆ 'ಭೂಮಿ' ಯೋಜನೆ ಬಗ್ಗೆ ಓದಿದಾಗ ತಿಳೀತು. ಪಹಣಿಯನ್ನು ಕಂಪ್ಯೂಟರಿಗೆ ಹಾಕೋ ಪ್ರಯತ್ನ ನಮ್ಮ ರಾಜ್ಯದಲ್ಲಿ 1991ರಲ್ಲೇ ಅಂದಿನ ಗುಲ್ಬರ್ಗಾದಲ್ಲಿ ಪ್ರಾಯೋಗಿಕವಾಗಿ ಶುರುವಾಗಿತ್ತು. 1996ರ ಹೊತ್ತಿಗೆ ಎಲ್ಲ ಜಿಲ್ಲೆಗೂ ಯೋಜನೆ ಮಂಜೂರಾಗಿತ್ತು. ಆದರೆ ಕೈಬರಹದ ದಾಖಲೆ ಇದ್ದದ್ದು, ಖಾತೆ ಬದಲಾವಣೆಯಾಗಿ ಅದು ತಿದ್ದುಪಡಿ ಆಗುತ್ತಿದ್ದದ್ದು ತಾಲ್ಲೂಕು ಮಟ್ಟದಲ್ಲಿ. ಅಲ್ಲಿ ಕಂಪ್ಯೂಟರ್ ಕೂರಿಸೋ ಮಾತೇ ಆ ಯೋಜನೆಯಲ್ಲಿ ಇರಲಿಲ್ಲ. ಭೂಮಿ ಮಾರಾಟ, ಪಾಲು, ಪೌತಿ ಖಾತೆ ಅಂತ ದಿನಾ ಬದಲಾಗೋ ಪುಸ್ತಕವನ್ನು ಬೇರೆಲ್ಲೋ ಕೂತು ಒಂದು ಸಲ ಟೈಪ್ ಮಾಡಿಟ್ಟರೆ ಏನು ಬಂತು? ಭಾನುವಾರ ಕೂತು ಹಾಕುತ್ತಿದ್ದ ಯಜಮಾನರ ಮಗನ ಕತೆಯೇ, ದೊಡ್ಡ ಪ್ರಮಾಣದಲ್ಲಿ.

2000ದ ಹೊತ್ತಿಗೆ ಬಂದ 'ಭೂಮಿ' ಇದನ್ನು ತಿದ್ದಿಕೊಂಡಿತು. ತಾಲ್ಲೂಕು ಕಚೇರಿಯಲ್ಲೇ ಕಂಪ್ಯೂಟರ್ ಬಂತು. ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿ ಹಾಕಿದರು. ಸಿಬ್ಬಂದಿ ಬೆರಳಚ್ಚು ಕೊಟ್ಟೇ ಒಳಗೆ ಹೋಗಬೇಕು, ಮೊದಲು ಬಂದ ಅರ್ಜಿಗೆ ಮೊದಲು ಸರದಿ. ಆಮೇಲೆ ಕೈಬರಹದ ಪಹಣಿ ನಡೆಯೋದಿಲ್ಲ ಅಂತಲೇ ಆದೇಶ ಮಾಡಿದರು. ಎರಡು ಪುಸ್ತಕ ಒಟ್ಟಿಗೆ ನಡೆದರೆ ಯಾವುದು ನಿಜ ಅನ್ನೋ ಜಗಳ ಬಂದೇ ಬರುತ್ತೆ ಅಂತ ಯಾರೋ ಯೋಚನೆ ಮಾಡಿದ್ದಾರೆ.

ನನಗೆ ಎಲ್ಲಕ್ಕಿಂತ ಹಿಡಿಸಿದ ವಿಷಯ ಇನ್ನೊಂದಿದೆ. ಆ ಕೌಂಟರ್‌ಗಳಲ್ಲಿ ಎರಡನೇ ಪರದೆ ಒಂದನ್ನು ರೈತರ ಕಡೆ ತಿರುಗಿಸಿ ಇಟ್ಟರು. ಒಳಗೆ ಕೂತವರು ಏನು ಒತ್ತುತ್ತಿದ್ದಾರೆ ಅಂತ 15 ರೂಪಾಯಿ ಕೊಟ್ಟು ಪಹಣಿ ತಗೊಳ್ಳೋಕೆ ಬಂದವರಿಗೂ ಕಾಣಲಿ ಅಂತ. ಇದು ಕೋಡ್ ಬರೆಯೋ ಟೇಬಲ್ ಮೇಲೆ ಹುಟ್ಟೋ ಯೋಚನೆ ಅಲ್ಲ. ಹಾಗಾಗಿ ನಾನು ಈಗ ಕೇಳೋ ಎರಡನೇ ಪ್ರಶ್ನೆ ಇದು: ಇದರಲ್ಲಿ ಬರೆಯೋರು ಯಾರು, ಬರೆದಿದ್ದು ಯಾರಿಗೆ ಕಾಣುತ್ತೆ, ತಪ್ಪಾದರೆ ತಿದ್ದಿ ಅಂತ ಹೇಳೋ ಹಕ್ಕು ಯಾರಿಗೆ? ಈ ಪ್ರಶ್ನೆ ಕೇಳಿದಾಗ ಕೆಲವು ಕ್ಲೈಂಟ್‌ಗಳ ಮುಖ ಸ್ವಲ್ಪ ಬಿಗಿಯಾಗುತ್ತೆ. "ಅವರಿಗ್ಯಾಕ್ರೀ ಕಾಣ್ಬೇಕು?" ಅಂತಾರೆ. ಅಲ್ಲಿಗೆ ನನಗೆ ಬಹಳಷ್ಟು ವಿಷಯ ಗೊತ್ತಾಗುತ್ತೆ. ಒಂದು ಕೆಲಸವನ್ನು ಈ ಕಾರಣಕ್ಕೇ ಬಿಟ್ಟಿದ್ದೂ ಇದೆ.

ಮೂರನೆಯದು, ಕೈಯಲ್ಲಿ ಫೋನ್ ಹಿಡಿಯೋರು ಯಾರು, ಎಲ್ಲಿ ನಿಂತು? "ನಮ್ಮಲ್ಲಿ ನೆಟ್‌ವರ್ಕ್ ಚೆನ್ನಾಗಿದೆ" ಅನ್ನೋ ಉತ್ತರವನ್ನು ನಂಬಬೇಡಿ. ಅವರು ಹೇಳೋದು ಮನೆ ಜಗುಲಿ ಮೇಲಿನ ನೆಟ್‌ವರ್ಕ್. 2020ರ ಮುಂಗಾರಿನಲ್ಲಿ ರೈತರೇ ತಮ್ಮ ಹೊಲದ ಬೆಳೆ ವಿವರವನ್ನು ಫೋಟೋ ಸಮೇತ ಹಾಕೋ ಬೆಳೆ ಸಮೀಕ್ಷೆ ಆ್ಯಪ್ ಬಂತಲ್ಲ, ಆಗ ನಮ್ಮೂರಲ್ಲಿ ಆಗಿದ್ದು ಹೇಳ್ತೀನಿ. ಪಿಯುಸಿ ಓದೋ ಒಬ್ಬ ಹುಡುಗ ನಮ್ಮ ಬೀದಿಯವರ ಹೊಲವನ್ನೆಲ್ಲಾ ಸುತ್ತಿ ಮುಗಿಸಿಕೊಟ್ಟ. ಹೆಸರಿಗೆ ಅದು ರೈತರ ಆ್ಯಪ್, ಬೆರಳು ಮಾತ್ರ ಆ ಹುಡುಗನದು. ಸ್ಮಾರ್ಟ್‌ಫೋನ್ ಇಲ್ಲದವರಿಗೆ ನೆರವಾಗಲಿ ಅಂತ ಇಲಾಖೆಯೂ ಹಳ್ಳಿಯ ಯುವಕರನ್ನು ಇಟ್ಟಿತ್ತು. ಹಾಗಾದರೆ ಸ್ಕ್ರೀನ್ ಮಾಡಬೇಕಾದ್ದು ಯಾರಿಗೆ? ಒಂದು ಹೊಲ ಇರೋ ಅರವತ್ತು ವರ್ಷದ ಅಜ್ಜನಿಗಾ, ಒಂದೇ ದಿನ ಇಪ್ಪತ್ತು ಹೊಲ ಮುಗಿಸಬೇಕಾದ ಹುಡುಗನಿಗಾ? ಎರಡೂ ಬೇರೆ ಬೇರೆ ಆ್ಯಪ್. ಇದನ್ನು ಆಫೀಸಿನಲ್ಲಿ ಕೂತು ಊಹಿಸೋಕೆ ಆಗಲ್ಲ. ಹೋಗಿ ಅರ್ಧ ದಿನ ನಿಂತು ನೋಡಬೇಕು. ಮಗ್ಗದ ಶೆಡ್ಡಾದರೆ ಹತ್ತು ನಿಮಿಷ ಸಾಕು.

ಹಳೇ ಮಾಹಿತಿ ಯಾವ ರೂಪದಲ್ಲಿದೆ ಅಂತಲೂ ಕೇಳಿ. ದೇವನಹಳ್ಳಿ ಕಡೆಯ ಒಂದು ಸಂಘದವರು "ಸದಸ್ಯರ ಪಟ್ಟಿ ಎಲ್ಲ ಕಂಪ್ಯೂಟರಲ್ಲೇ ಇದೆ ಸರ್, ಎಕ್ಸೆಲ್ಲು" ಅಂದಿದ್ದರು. ಆರುನೂರು ಚಿಲ್ಲರೆ ಹೆಸರು. ಖುಷಿಯಾಗಿ ಫೈಲ್ ತೆರೆದರೆ ಪರದೆ ತುಂಬ ಸೊಟ್ಟಸೊಟ್ಟ ಲ್ಯಾಟಿನ್ ಅಕ್ಷರ. ಹಳೇ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದು. ಯೂನಿಕೋಡ್ ಅಲ್ಲದ ಆ ಫಾಂಟ್‌ಗಳಲ್ಲಿ ಕಂಪ್ಯೂಟರಿನ ಒಳಗಿರೋದು ಇಂಗ್ಲಿಷ್ ಅಕ್ಷರಗಳ ಸಂಕೇತವೇ, ಕನ್ನಡದ ಚಿತ್ರ ಕೊಡೋದು ಫಾಂಟ್. ಫಾಂಟ್ ಇಲ್ಲದ ಫೋನಿಗೆ ಅದು ಕನ್ನಡವೇ ಅಲ್ಲ. ಪರಿವರ್ತಕ ತಂತ್ರಾಂಶಗಳಿವೆ, ಆದರೆ ಒಂದೇ ಫೈಲಿನಲ್ಲಿ ಅರ್ಧ ಇಂಗ್ಲಿಷ್, ಅರ್ಧ ನುಡಿ ಇದ್ದರೆ ಹೆಸರುಗಳು ಕಲಸಿಹೋಗುತ್ತವೆ. ಒತ್ತಕ್ಷರ, ಅರ್ಕಾವತ್ತು ಒಂದೊಂದಾಗಿ ತಿದ್ದಿ ಮುಗಿಸೋಕೆ ನಮಗೆ ಒಂದು ವಾರ ಹಿಡೀತು. ಆ ವಾರದ ದುಡ್ಡು ಯಾರೂ ಕೊಡಲಿಲ್ಲ, ನಾವು ಕೇಳಿಯೂ ಇರಲಿಲ್ಲ.

ಅದೇ ಪಟ್ಟಿಯಲ್ಲಿ ಎಲ್ಲರ ಆಧಾರ್ ಸಂಖ್ಯೆ, ಬ್ಯಾಂಕ್ ಖಾತೆ ಕೂಡ ಇತ್ತು. ಇದು ಯಾಕೆ ಬೇಕು ಅಂದರೆ "ಇರಲಿ ಅಂತ" ಅಂದರು. 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣೆಗೆ ಅಂತಲೇ ಕಾಯ್ದೆ ಬಂದಿದೆ. ಯಾವ ಉದ್ದೇಶಕ್ಕೆ ಒಪ್ಪಿಗೆ ಪಡೆದು ತಗೊಂಡಿರೋ ಅದಕ್ಕಷ್ಟೇ ಬಳಸಬೇಕು ಅನ್ನೋದು ಅದರ ತಿರುಳು. ಕಾಯ್ದೆ ಹಾಗಿರಲಿ, "ಇರಲಿ ಅಂತ" ಇಟ್ಟುಕೊಂಡ ಮಾಹಿತಿ ಸೋರಿಹೋದರೆ ಅವರು ಮೊದಲು ಫೋನ್ ಮಾಡೋದು ನಿಮಗೇ.

ಈಗ ದುಡ್ಡಿನ ವಿಷಯ. ಕ್ಲೈಂಟ್ ನಮಗೆ ಎಷ್ಟು ಕೊಡ್ತಾರೆ ಅನ್ನೋದಕ್ಕಿಂತ ಮುಂಚೆ, ಈ ಆ್ಯಪಿನಿಂದ ಯಾರ ಜೇಬಿಂದ ಯಾರ ಜೇಬಿಗೆ ದುಡ್ಡು ಹೋಗುತ್ತೆ ಅಂತ ಕೇಳಿ. ಇದೊಂದಕ್ಕೆ ಉತ್ತರ ಸ್ಪಷ್ಟವಾದರೆ ಅರ್ಧ ಡಿಸೈನ್ ಮುಗಿದ ಹಾಗೆ. ನಮ್ಮ ಯಾತ್ರಿ ನೋಡಿ. 2022ರ ನವೆಂಬರ್‌ನಲ್ಲಿ ಬೆಂಗಳೂರಿನ ಆಟೋ ಚಾಲಕರ ಯೂನಿಯನ್ ಜೊತೆ ಸೇರಿ ಜಸ್‌ಪೇ ತಂದ ಆ್ಯಪ್ ಅದು. ಪ್ರತಿ ಬಾಡಿಗೆಯಲ್ಲೂ ಕಮಿಷನ್ ಹಿಡಿಯೋದಿಲ್ಲ, ದುಡ್ಡು ಪ್ರಯಾಣಿಕರಿಂದ ನೇರ ಚಾಲಕರಿಗೆ. ಆಮೇಲೆ ಚಾಲಕರಿಂದ ದಿನಕ್ಕೆ 25 ರೂಪಾಯಿ ಚಂದಾ ಅನ್ನೋ ಪದ್ಧತಿ ತಂದರು. ಬೇರೆ ಟ್ಯಾಕ್ಸಿ ಆ್ಯಪ್ ಥರವೇ ಕಾಣೋ ಸ್ಕ್ರೀನು, ಆದರೆ ಆಗ ಒಳಗಿನ ಲೆಕ್ಕ ಪೂರ್ತಿ ಬೇರೆ ಇತ್ತು. "ಓಲಾ ಥರ ಮಾಡಿಕೊಡಿ" ಅಂತ ಬರೋರಿಗೆ ನಾನು ಇದನ್ನು ಹೇಳಿ, ನಿಮ್ಮದು ಯಾವ ಲೆಕ್ಕ ಅಂತ ಕೇಳ್ತೀನಿ. ಎಷ್ಟೋ ಸಲ ಅವರಿಗೇ ಗೊತ್ತಿರಲ್ಲ. ಗೊತ್ತಾಗೋವರೆಗೂ ಕೋಡ್ ಬರೆಯೋ ಅವಸರ ನನಗೂ ಇಲ್ಲ.

ಇನ್ನು ಖಾತೆಗಳು. ಪ್ಲೇ ಸ್ಟೋರ್ ಖಾತೆ ಯಾರ ಹೆಸರಲ್ಲಿ? ಡೊಮೇನ್ ಯಾರ ಹೆಸರಲ್ಲಿ, ಸರ್ವರ್ ಬಿಲ್ ಯಾರ ಕಾರ್ಡಿಗೆ? "ನಿಮ್ಮದರಲ್ಲೇ ಹಾಕ್ಬಿಡಿ ಸರ್" ಅಂತಾರೆ, ನಾವೂ ಹಾಕಿಬಿಡ್ತೀವಿ. ಮುಂದೆ ಮನಸ್ತಾಪ ಬಂದರೆ ಅವರ ವ್ಯಾಪಾರ ನಮ್ಮ ಪಾಸ್‌ವರ್ಡಿನಲ್ಲಿ ಸಿಕ್ಕಿಹಾಕಿಕೊಂಡಿರುತ್ತೆ, ನಮ್ಮ ಹೆಸರು ಅವರ ವ್ಯಾಪಾರದಲ್ಲಿ. ಗೂಗಲ್ ಪ್ಲೇಗೆ ಒಂದೇ ಸಲ 25 ಡಾಲರ್, ಆ್ಯಪಲ್‌ಗೆ ವರ್ಷ ವರ್ಷ 99 ಡಾಲರ್. ಇದು ಅವರೇ, ಅವರ ಹೆಸರಲ್ಲೇ ಕಟ್ಟಲಿ. ಪಕ್ಕದಲ್ಲಿ ಕೂತು ಮಾಡಿಸಿಕೊಡಿ, ಅಷ್ಟೇ.

ದಿನಾಂಕ ಮಾತು ಕೊಡೋ ಮುಂಚೆ ಇನ್ನೆರಡು ವಿಷಯ ನೆನಪಿಡಿ. 2023ರ ನವೆಂಬರ್ 13ರ ನಂತರ ತೆರೆದ ವೈಯಕ್ತಿಕ ಪ್ಲೇ ಖಾತೆಯಾದರೆ, ಆ್ಯಪನ್ನು ಎಲ್ಲರಿಗೂ ಬಿಡೋ ಮುಂಚೆ ಕನಿಷ್ಠ 12 ಜನ ಸತತ 14 ದಿನ ಪರೀಕ್ಷಕರಾಗಿ ಇರಬೇಕು. ಮೊದಲು ಈ ಸಂಖ್ಯೆ 20 ಇತ್ತು, 2024ರ ಡಿಸೆಂಬರ್‌ನಲ್ಲಿ ಇಳಿಸಿದರು. ಯುಗಾದಿಗೆ ಬಿಡುಗಡೆ ಅಂತ ಪಾಂಪ್ಲೆಟ್ ಹೊಡೆಸಿದವರಿಗೆ ಹಬ್ಬದ ಹಿಂದಿನ ವಾರ ಈ ವಿಷಯ ಹೇಳಿ ನೋಡಿ, ಹೋಳಿಗೆ ಇರಲಿ, ಬೇವು ಮಾತ್ರ ಸಿಗುತ್ತೆ. ಇನ್ನೊಂದು, ಒಟಿಪಿ. ಎಸ್ಸೆಮ್ಮೆಸ್ ಕಳಿಸಬೇಕಾದರೆ ಟ್ರಾಯ್ ನಿಯಮದ ಪ್ರಕಾರ ಆ ಸಂಸ್ಥೆ ಡಿಎಲ್‌ಟಿ ವ್ಯವಸ್ಥೆಯಲ್ಲಿ ನೋಂದಣಿ ಮಾಡಿಸಿ, ಕಳಿಸೋರ ಹೆಸರು, ಸಂದೇಶದ ಮಾದರಿ ಎರಡನ್ನೂ ಮಂಜೂರು ಮಾಡಿಸಿಕೊಳ್ಳಬೇಕು. ಪ್ಯಾನು, ಜಿಎಸ್‌ಟಿ ಅಂತ ಕಾಗದ ಕೇಳ್ತಾರೆ. ಕಾಗದ ಇದೆಯಾ ಅಂತ ಮೊದಲ ದಿನವೇ ಕೇಳಿ.

ಒಂದು ವರ್ಷ ಆದ ಮೇಲೆ ಇದನ್ನು ನೋಡಿಕೊಳ್ಳೋರು ಯಾರು ಅನ್ನೋ ಪ್ರಶ್ನೆಗೆ ಬಹಳ ಜನ ಬೆಚ್ಚಿಬೀಳ್ತಾರೆ. ಆ್ಯಪ್ ಅಂದರೆ ಮನೆ ಕಟ್ಟಿಸಿದ ಹಾಗೆ, ಒಂದು ಸಲ ಗೃಹಪ್ರವೇಶ ಆದರೆ ಮುಗೀತು ಅನ್ನೋ ಭಾವನೆ. ನಾನು ಹೇಳೋದು, ಇದು ಹಸು ಕಟ್ಟಿದ ಹಾಗೆ ಅಣ್ಣಾ, ದಿನಾ ಮೇವು ನೀರು ಬೇಕು. ಗೂಗಲ್ ಪ್ರತಿ ವರ್ಷ ಹೊಸ ಆಂಡ್ರಾಯ್ಡಿಗೆ ತಕ್ಕ ಹಾಗೆ ಆ್ಯಪ್ ಬದಲಾಯಿಸಿ ಅನ್ನುತ್ತೆ, ಸಾಮಾನ್ಯವಾಗಿ ಆಗಸ್ಟ್ ಕೊನೆಗೆ ಗಡುವು. ಬದಲಾಯಿಸದೆ ಬಿಟ್ಟ ಹಳೇ ಆ್ಯಪ್, ಹೊಸ ಫೋನ್ ಇರೋ ಹೊಸ ಗ್ರಾಹಕರಿಗೆ ಸ್ಟೋರಿನಲ್ಲಿ ಕಾಣಿಸೋದೇ ನಿಲ್ಲುತ್ತೆ. ಈ ಖರ್ಚನ್ನು ಮೊದಲೇ ಬರೆದು ಕೊಟ್ಟರೆ ಹತ್ತರಲ್ಲಿ ಮೂರು ಜನ ವಾಪಸ್ ಹೋಗ್ತಾರೆ. ಹೋಗಲಿ ಬಿಡಿ.

ಕೊನೆ ತೀರ್ಮಾನ ಯಾರದು ಅಂತ ಕೇಳೋದನ್ನು ಮಾತ್ರ ಮರೀಬೇಡಿ. ಎಲ್ಲ ಕ್ಲೈಂಟಿಗೂ ಒಬ್ಬ ಬಾಮೈದ ಇರ್ತಾನೆ. ದೊಡ್ಡ ಐಟಿ ಕಂಪನಿಯಲ್ಲಿ ಇರ್ತಾನೆ. ಎಂಟನೇ ವಾರ ಬರ್ತಾನೆ. "ಇದನ್ನ ಯಾಕೆ ಫ್ಲಟರ್‌ನಲ್ಲಿ ಮಾಡಿದ್ರಿ?" ಅಂತಾನೆ. ಅವನನ್ನು ಮೊದಲ ವಾರವೇ ಕರೆಸಿಬಿಡಿ.

ಇಷ್ಟೆಲ್ಲ ಕೇಳಿದ ಮೇಲೆ ಕೆಲವು ಸಲ ಆ್ಯಪೇ ಬೇಡ ಅಂತ ಗೊತ್ತಾಗುತ್ತೆ. ನೆಲಮಂಗಲದ ಹತ್ತಿರ ಗೋಡೌನ್ ಕೆಲಸದವರಿಗೆ ಊಟ ಕಳಿಸೋ ಮೆಸ್ಸಿನವರು ಒಬ್ಬರು ಆರ್ಡರ್ ತಗೊಳ್ಳೋ ಆ್ಯಪ್ ಕೇಳಿಕೊಂಡು ಬಂದರು. ಅವರ ಪುಸ್ತಕ ನೋಡಿದೆವು. ದಿನಕ್ಕೆ ನೂರಾ ನಲವತ್ತು ಊಟ, ಆದರೆ ಆರ್ಡರ್ ಹೇಳೋರು ಒಟ್ಟು ಆರೇ ಜನ ಸೂಪರ್‌ವೈಸರ್‌ಗಳು. ಆರು ಜನರಿಗೆ ಆ್ಯಪ್ ಯಾಕೆ? ವಾಟ್ಸಾಪ್ ಬಿಸಿನೆಸ್‌ನಲ್ಲಿ ಮೆನು ಹಾಕಿ, ಯುಪಿಐ ಕ್ಯೂಆರ್ ಅಂಟಿಸಿ, ರಾತ್ರಿ ಎಂಟರ ಒಳಗೆ ಸಂಖ್ಯೆ ಕಳಿಸಿ ಅಂತ ಗ್ರೂಪಿನಲ್ಲಿ ಹಾಕಿದರೆ ಮುಗೀತು ಅಂತ ಅಲ್ಲೇ ಕೂತು ಮಾಡಿಕೊಟ್ಟು ಬಂದೆ. ಅವರ ಮುಖ ಸಪ್ಪಗಾಯ್ತು. ಅವರಿಗೆ ಬೇಕಿದ್ದದ್ದು ಆರ್ಡರ್ ವ್ಯವಸ್ಥೆಗಿಂತ ಹೆಚ್ಚಾಗಿ, ತಮ್ಮ ಹೆಸರಿನ ಒಂದು ಆ್ಯಪ್ ಪ್ಲೇ ಸ್ಟೋರಿನಲ್ಲಿ ಇದೆ ಅನ್ನೋ ಹೆಮ್ಮೆ ಅನ್ನಿಸುತ್ತೆ. ಅದನ್ನು ನಾನು ಕೇಳಲಿಲ್ಲ. ದಾರಿಯಲ್ಲಿ ಬರುವಾಗ ನನ್ನ ಗೆಳೆಯ, "80,000 ಕೆಲಸ ಕಣೋ, ರೂಮ್ ಬಾಡಿಗೆ ನೀನು ಕಟ್ತೀಯಾ?" ಅಂದ. ಆ ತಿಂಗಳು ನಾನೇ ಕಟ್ಟಿದೆ. ಅವನು ಹೇಳಿದ್ದೂ ತಪ್ಪು ಅಂತ ಅನ್ನಿಸಲ್ಲ. ಆರು ತಿಂಗಳಾದ ಮೇಲೆ ಅವನು ಮತ್ತೆ ಕಂಪನಿ ಕೆಲಸಕ್ಕೆ ಸೇರಿಕೊಂಡ. ಈಗ ನಾನೊಬ್ಬನೇ.

ಹೋದ ಭಾನುವಾರ ಫೋನ್ ಮಾಡಿದವರು ಹೊಸಕೋಟೆ ಕಡೆ ನರ್ಸರಿ ಇಟ್ಟಿದ್ದಾರಂತೆ. ಸಸಿ ಬುಕಿಂಗಿಗೆ ಆ್ಯಪ್ ಬೇಕು, ಅದರಲ್ಲಿ ಎಐ ಕೂಡ ಇರಬೇಕು, ಎಷ್ಟಾಗುತ್ತೆ ಅಂದರು. ರೇಟ್ ಆಮೇಲೆ ಹೇಳ್ತೀನಿ, ಈಗ ಬುಕಿಂಗ್ ಬರೆಯೋ ಪುಸ್ತಕದ್ದು ನಾಲ್ಕು ಪುಟ ಫೋಟೋ ತೆಗೆದು ಕಳಿಸಿ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು.

"ಪುಸ್ತಕ ಇಲ್ಲ ಸರ್. ಎಲ್ಲಾ ನಮ್ಮಪ್ಪನ ತಲೇಲೇ ಇದೆ."

ಮುಂದಿನ ಭಾನುವಾರ ಅವರಪ್ಪನನ್ನು ನೋಡೋಕೆ ಹೋಗ್ತಿದ್ದೀನಿ.